ಕ್ಯಾಮೆರಾ ಆರಿಸಿಕೊಂಡ ತೋಟಗಳು: ಅಮೆರಿಕದ ದಕ್ಷಿಣ ರಾಜ್ಯಗಳ ಹಳೇ ಫೋಟೋಗಳನ್ನು ನೋಡುವ ಬಗೆ

ವರ್ಜೀನಿಯಾ ರಾಜ್ಯದ ಫ್ರೆಡರಿಕ್ಸ್‌ಬರ್ಗ್ ಊರಿನ ಎದುರು, ರಾಪಹ್ಯಾನಕ್ ನದಿಯ ಆಚೆ ದಂಡೆಯ ದಿಬ್ಬದ ಮೇಲೆ, ಚಾಟಮ್ ಎಂಬ ದೊಡ್ಡ ಇಟ್ಟಿಗೆ ಮನೆಯಿದೆ. ವಿಲಿಯಂ ಫಿಟ್ಜ್‌ಹ್ಯೂ ಎಂಬ ಜಮೀನುದಾರ ಅದನ್ನು ಕಟ್ಟಿಸಿದ್ದು 1768ರಿಂದ 1771ರ ನಡುವೆ. ಈ ಮನೆಯ ಎರಡು ಬೇರೆ ಬೇರೆ ಕಾಲದ ಫೋಟೋಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

ಒಂದು, ಅಮೆರಿಕದ ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧದ ಕಾಲದ, 1862–63ರ ಚಳಿಗಾಲದ್ದು. ಆಗ ಜನ ಈ ಮನೆಯನ್ನು ಕರೆಯುತ್ತಿದ್ದದ್ದು ಲೇಸಿ ಹೌಸ್ ಎಂದು. ಉತ್ತರದ ಸೈನ್ಯ ಅದನ್ನು ಆಸ್ಪತ್ರೆ ಮಾಡಿಕೊಂಡಿತ್ತು. ಸುತ್ತಲಿನ ಮರಗಳು ಸೈನಿಕರಿಗೆ ಸೌದೆಯಾಗಿದ್ದವು. ಕವಿ ವಾಲ್ಟ್ ವಿಟ್ಮನ್ 1862ರ ಡಿಸೆಂಬರಿನಲ್ಲಿ ಅಲ್ಲಿಗೆ ಬಂದಾಗ ಮನೆ ಮುಂದಿನ ಮರದ ಬುಡದಲ್ಲಿ ಕಂಡಿದ್ದು ಕತ್ತರಿಸಿ ಎಸೆದ ಕೈಕಾಲುಗಳ ರಾಶಿ. ಫೋಟೋದಲ್ಲಿ ತೋಟ ಎನ್ನುವಂಥದ್ದು ಏನೂ ಇಲ್ಲ.

ಇನ್ನೊಂದು 1927ರ ಸುಮಾರಿನದು. ತೆಗೆದವರು ಫ್ರಾನ್ಸಿಸ್ ಬೆಂಜಮಿನ್ ಜಾನ್‌ಸ್ಟನ್ ಎಂಬ ಮಹಿಳೆ. ಇದರಲ್ಲಿ ಗೋಡೆ ಸುತ್ತುವರಿದ ತೋಟ, ಅಳತೆಯಿಟ್ಟು ಮಾಡಿದ ಹೂವಿನ ಮಡಿಗಳು, ನೀಟಾಗಿ ಕತ್ತರಿಸಿದ ಬಾಕ್ಸ್‌ವುಡ್ ಪೊದೆಗಳು. ನೋಡಿದವರಿಗೆ ಮನೆಯ ಜೊತೆಗೇ ಹುಟ್ಟಿ, ಒಂದೂವರೆ ಶತಮಾನ ದಾಟಿದ ತೋಟ ಎನಿಸುತ್ತದೆ. ನಿಜಕ್ಕೂ ಅದಕ್ಕೆ ಆಗ ಹತ್ತು ವರ್ಷವೂ ತುಂಬಿರಲಿಲ್ಲ. 1920ರ ದಶಕದಲ್ಲಿ ಮನೆಯ ಮಾಲೀಕರಾಗಿದ್ದ ಡೇನಿಯಲ್ ಮತ್ತು ಹೆಲೆನ್ ಡೆವೋರ್ ದಂಪತಿ, ಎಲೆನ್ ಬಿಡಲ್ ಶಿಪ್‌ಮನ್ ಎಂಬ ವಿನ್ಯಾಸಕಾರ್ತಿಯಿಂದ ಅದನ್ನು ಮಾಡಿಸಿದ್ದರು.

ಹಾಗಾದರೆ ದಕ್ಷಿಣದ ‘ಸಾಂಪ್ರದಾಯಿಕ ತೋಟ’ ಎಂದು ನಾವು ಫೋಟೋಗಳಲ್ಲಿ ನೋಡುತ್ತಿರುವುದು ಏನನ್ನು? ಹಳೇ ತೋಟವನ್ನೋ, ಹಳೇ ತೋಟ ಹೀಗಿದ್ದಿರಬೇಕು ಎಂದು 1920ರ ದಶಕದವರು ಆಸೆಪಟ್ಟದ್ದನ್ನೋ? ಈ ಪ್ರಶ್ನೆ ಕೇಳದೆ ಆ ಚಿತ್ರಗಳನ್ನು ನೋಡಿದರೆ ಅರ್ಧ ಮಾತ್ರ ನೋಡಿದ ಹಾಗೆ. ಆ ತೋಟಗಳಲ್ಲಿ ಬಹುಪಾಲು ಇವತ್ತು ಇಲ್ಲ, ಅಥವಾ ಗುರುತು ಸಿಗದಷ್ಟು ಬದಲಾಗಿವೆ. ನಮಗೆ ಉಳಿದಿರುವುದು ಫೋಟೋ. ಆದ್ದರಿಂದ ಫೋಟೋ ಹೇಗೆ ಹುಟ್ಟಿತು ಎನ್ನುವುದನ್ನು ತಿಳಿಯಲೇಬೇಕು.

ಇಲ್ಲಿ ದಕ್ಷಿಣ ಎಂದರೆ ದಕ್ಷಿಣ ಅಮೆರಿಕ ಖಂಡವಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದೊಳಗಿನ ವರ್ಜೀನಿಯಾ, ಎರಡು ಕೆರೊಲಿನಾಗಳು, ಜಾರ್ಜಿಯಾ, ಅಲಬಾಮ, ಮಿಸಿಸಿಪ್ಪಿ, ಲೂಯಿಸಿಯಾನದಂಥ ರಾಜ್ಯಗಳು. ತಂಬಾಕು, ಭತ್ತ, ಹತ್ತಿ, ಕಬ್ಬಿನ ದೊಡ್ಡ ಎಸ್ಟೇಟುಗಳ ನಾಡು. 1865ರವರೆಗೆ ಆ ಎಸ್ಟೇಟುಗಳನ್ನು ನಡೆಸಿದ್ದು ಆಫ್ರಿಕಾ ಮೂಲದ ಗುಲಾಮರ ದುಡಿಮೆ. ತೋಟಗಳನ್ನು ಕಡಿದು, ಅಗೆದು, ನೆಟ್ಟು, ನೀರುಣಿಸಿದವರೂ ಅವರೇ. ಇದನ್ನು ಮರೆತರೆ ಆ ಚಿತ್ರಗಳಲ್ಲಿ ಬರೀ ಹೂ ಕಾಣುತ್ತದೆ.

ಪ್ಲೇಟಿಗೆ ಯಾವ ಹೂ ಕಾಣುತ್ತಿತ್ತು?

ಮೊದಲು ಯಂತ್ರದ ವಿಷಯ. ಇದು ಬರೀ ತಾಂತ್ರಿಕ ಸಂಗತಿಯಲ್ಲ. ಯಾವ ತೋಟ ಪ್ರಸಿದ್ಧವಾಯಿತು, ಯಾವುದು ಆಗಲಿಲ್ಲ ಎನ್ನುವುದಕ್ಕೂ ಇದಕ್ಕೂ ನೇರ ಸಂಬಂಧವಿದೆ ಎಂಬುದು ನನ್ನ ನಂಬಿಕೆ.

ಹತ್ತೊಂಬತ್ತನೇ ಶತಮಾನದಲ್ಲಿ ಫಿಲ್ಮಿನ ಬದಲು ಕ್ಯಾಮೆರಾಗೆ ಹಾಕುತ್ತಿದ್ದ ಗಾಜಿನ ಪ್ಲೇಟುಗಳಿಗೆ ಎಲ್ಲ ಬಣ್ಣವೂ ಒಂದೇ ರೀತಿ ತಾಗುತ್ತಿರಲಿಲ್ಲ. ನೀಲಿ ಬೆಳಕು ಬೇಗ ತಾಗುತ್ತಿತ್ತು, ಕೆಂಪು ತಾಗುತ್ತಲೇ ಇರಲಿಲ್ಲ ಎನ್ನಬಹುದು. ಪರಿಣಾಮ ಏನು? ನೀಲಿ ಆಕಾಶ ಫೋಟೋದಲ್ಲಿ ಬಿಳೀ ಕಾಗದದಂತೆ ಬರುತ್ತಿತ್ತು. ಕಡುಗೆಂಪು ಹೂ ಕಪ್ಪಾಗಿ, ಎಲೆಗಳ ನಡುವೆ ಕರಗಿಹೋಗುತ್ತಿತ್ತು. ಕೆಂಪನ್ನೂ ಹಿಡಿಯುವ ಪ್ಯಾಂಕ್ರೊಮ್ಯಾಟಿಕ್ ಪ್ಲೇಟುಗಳು ಮಾರುಕಟ್ಟೆಗೆ ಬಂದದ್ದು ಇಪ್ಪತ್ತನೇ ಶತಮಾನದ ಆರಂಭದಲ್ಲಿ. ಆಗಲೂ ಕೆಂಪು, ಹಸಿರು ಎರಡೂ ಒಂದೇ ಥರದ ಬೂದು ಬಣ್ಣವಾಗಿ ಬಿಡುತ್ತಿದ್ದವು.

ದಕ್ಷಿಣದ ತೋಟಗಳ ಹೆಮ್ಮೆಯೇ ಅಜೇಲಿಯ ಮತ್ತು ಕಮೀಲಿಯ. ಕೆಂಪು, ಗುಲಾಬಿ, ನೇರಳೆ. ವಸಂತದಲ್ಲಿ ಸೌತ್ ಕೆರೊಲಿನಾದ ಚಾರ್ಲ್ಸ್‌ಟನ್ ಊರಿನ ಸುತ್ತಲಿನ ತೋಟಗಳಿಗೆ ಜನ ರೈಲು, ದೋಣಿ ಹತ್ತಿ ಹೋಗುತ್ತಿದ್ದದ್ದೇ ಆ ಬಣ್ಣಕ್ಕಾಗಿ. ಆ ಬಣ್ಣವೇ ಕ್ಯಾಮೆರಾಗೆ ಸಿಗುತ್ತಿರಲಿಲ್ಲ. ಸಿಗುತ್ತಿದ್ದದ್ದು ಆಕಾರ. ಬಾಕ್ಸ್‌ವುಡ್ ಅಂಚಿನ ಕಪ್ಪು ಗೆರೆ, ಬಿಳೀ ಕಂಬ, ಇಟ್ಟಿಗೆ ದಾರಿ, ಮರಗಳ ಸಾಲು, ನಿಂತ ನೀರಿನಲ್ಲಿ ಬಿಂಬ. ಹೀಗಾಗಿ ಗೆರೆ, ಗೋಡೆ, ಕಂಬ ಇರುವ ಶ್ರೀಮಂತರ ತೋಟ ಫೋಟೋದಲ್ಲಿ ಎದ್ದು ಕಾಣುತ್ತಿತ್ತು. ಡಬ್ಬಗಳಲ್ಲಿ, ಬೇಲಿ ಬದಿಯಲ್ಲಿ ಬಣ್ಣ ಬಣ್ಣದ ಹೂ ಬೆಳೆಸಿದ ಬಡವರ ಮನೆಯಂಗಳ ಸಪ್ಪೆಯಾಗಿ ಕಾಣುತ್ತಿತ್ತು.

ಚಾರ್ಲ್ಸ್‌ಟನ್ ಹತ್ತಿರದ ಮ್ಯಾಗ್ನೋಲಿಯ ತೋಟ ಇದಕ್ಕೆ ಒಳ್ಳೇ ಉದಾಹರಣೆ. ಆ್ಯಶ್ಲಿ ನದಿಯ ದಂಡೆಯಲ್ಲಿದೆ. ಅದರ ಒಡೆಯ, ಪಾದ್ರಿ ಜಾನ್ ಗ್ರಿಮ್ಕೆ ಡ್ರೇಟನ್, 1840ರ ದಶಕದಲ್ಲಿ ಅಲ್ಲಿ ಅಜೇಲಿಯ ನೆಡಿಸಿದ. ಅಂತರ್ಯುದ್ಧದ ನಂತರ ಕೈಯಲ್ಲಿ ದುಡ್ಡಿಲ್ಲದಾಗ, 1870ರಲ್ಲಿ, ತೋಟವನ್ನು ಜನರಿಗೆ ತೆರೆದ. ಅಲ್ಲಿನ ಕೆರೆಗಳ ನೀರು ಕಪ್ಪು. ಸೈಪ್ರೆಸ್ ಮರಗಳ ಎಲೆ, ತೊಗಟೆಯ ಒಗರು ಇಳಿದು ಹಾಗಾಗುತ್ತದೆ. ಗಾಳಿಯಿಲ್ಲದ ದಿನ ಆ ನೀರು ಕನ್ನಡಿ. ಮೇಲೆ ಒಂದು ಬಿಳೀ ಮರದ ಸೇತುವೆ. 1900ರ ಸುಮಾರಿಗೆ ಡೆಟ್ರಾಯಿಟ್ ಪಬ್ಲಿಷಿಂಗ್ ಕಂಪನಿಯ ಫೋಟೋಗ್ರಾಫರ್‌ಗಳು ಇಲ್ಲಿ ತೆಗೆದ ಚಿತ್ರಗಳು ಪೋಸ್ಟ್‌ಕಾರ್ಡುಗಳಾಗಿ ದೇಶವೆಲ್ಲ ಓಡಾಡಿದವು. ಅಜೇಲಿಯದ ಬಣ್ಣ ಸಿಗದಿದ್ದರೂ ಬಿಳೀ ಸೇತುವೆ ಮತ್ತು ಅದರ ಬಿಂಬ ಸಿಕ್ಕಿತ್ತು. ದಕ್ಷಿಣದ ತೋಟ ಎಂದರೆ ಕಪ್ಪು ನೀರು, ಬಿಳೀ ಸೇತುವೆ, ಇಳಿಬಿದ್ದ ಪಾಚಿ ಎನ್ನುವ ಚಿತ್ರ ಜನರ ಮನಸ್ಸಿನಲ್ಲಿ ಕೂತಿತು.

ಆ ‘ಪಾಚಿ’ ಒಂದು ತೊಂದರೆಯೂ ಹೌದು. ಸ್ಪ್ಯಾನಿಷ್ ಮಾಸ್ ಎಂದು ಕರೆಯುತ್ತಾರೆ, ಓಕ್ ಮರಗಳಿಂದ ಬೂದು ಜಡೆಯ ಹಾಗೆ ಜೋತು ಬೀಳುವ ಗಿಡ. ನಿಜವಾಗಿ ಪಾಚಿಯಲ್ಲ, ಅನಾನಸಿನ ಕುಟುಂಬದ್ದು. ಸಣ್ಣ ಗಾಳಿಗೂ ಅಲುಗಾಡುತ್ತದೆ. ಹತ್ತಿರದ ಹೂವಿನಿಂದ ದೂರದ ಮನೆಯವರೆಗೆ ಎಲ್ಲವೂ ಸ್ಪಷ್ಟವಾಗಿ ಬರಬೇಕಾದರೆ ಲೆನ್ಸಿನ ಕಿಂಡಿಯನ್ನು ಚಿಕ್ಕದು ಮಾಡಬೇಕು. ಕಿಂಡಿ ಚಿಕ್ಕದಾದರೆ ಬೆಳಕು ಕಮ್ಮಿ. ಬೆಳಕು ಕಮ್ಮಿಯಾದರೆ ನೆರಳಿರುವ ತೋಟದಲ್ಲಿ ಕೆಲವು ಸೆಕೆಂಡು ಪ್ಲೇಟನ್ನು ತೆರೆದಿಡಬೇಕು. ಅಷ್ಟರಲ್ಲಿ ಗಾಳಿ ಬೀಸಿದರೆ ಮಾಸ್ ಮಂಜಿನಂತೆ ಬರುತ್ತದೆ. ಹಳೇ ಚಿತ್ರಗಳಲ್ಲಿ ಓಕ್ ಮರಗಳ ಕೆಳಗೆ ಕಾಣುವ ಆ ಕನಸಿನಂಥ ಮಬ್ಬಿದೆಯಲ್ಲ, ಅದರಲ್ಲಿ ಒಂದಿಷ್ಟು ಪಾಲು ಸುಮ್ನೆ ಗಾಳಿಯದ್ದು.

ಬಣ್ಣದ ಕೊರತೆ ತುಂಬಲು ಎರಡು ದಾರಿಗಳಿದ್ದವು. ಒಂದು, ಆಟೊಕ್ರೋಮ್. ಫ್ರಾನ್ಸಿನ ಲುಮಿಯೇರ್ ಸಹೋದರರು 1907ರಲ್ಲಿ ಮಾರುಕಟ್ಟೆಗೆ ತಂದದ್ದು. ಆಲೂಗಡ್ಡೆಯ ಪಿಷ್ಟದ ಸಣ್ಣ ಕಣಗಳಿಗೆ ಕಿತ್ತಳೆ, ಹಸಿರು, ನೇರಳೆ ಬಣ್ಣ ಕೊಟ್ಟು ಗಾಜಿನ ಮೇಲೆ ಹರಡಿದ ಪ್ಲೇಟು ಅದು. ನಿಜವಾದ ಬಣ್ಣ ಬರುತ್ತಿತ್ತು, ಆದರೆ ಬೆಲೆ ಜಾಸ್ತಿ, ಬಿಸಿಲಲ್ಲೂ ಸೆಕೆಂಡುಗಟ್ಟಲೆ ತೆರೆದಿಡಬೇಕು. ಇನ್ನೊಂದು, ಕೈಯಿಂದ ಬಣ್ಣ ಹಚ್ಚಿದ ಲ್ಯಾಂಟರ್ನ್ ಸ್ಲೈಡ್. ಮೂರೂಕಾಲು ಇಂಚಿಗೆ ನಾಲ್ಕು ಇಂಚಿನ ಗಾಜಿನ ಮೇಲೆ ಕಪ್ಪು ಬಿಳುಪು ಚಿತ್ರ ಮೂಡಿಸಿ, ಸಣ್ಣ ಕುಂಚದಿಂದ ಒಂದೊಂದು ಹೂವಿಗೂ ಬಣ್ಣ ತುಂಬುತ್ತಿದ್ದರು. ಇನ್ನೊಂದು ಗಾಜು ಮುಚ್ಚಿ ಅಂಚು ಕಟ್ಟಿ, ದೀಪದ ಯಂತ್ರದಿಂದ ಪರದೆಯ ಮೇಲೆ ಬಿಡುತ್ತಿದ್ದರು. ಜಾನ್‌ಸ್ಟನ್ ಅವರ ಸ್ಲೈಡುಗಳಿಗೆ ಬಣ್ಣ ಹಚ್ಚಿದವರಲ್ಲಿ ಗ್ರೇಸ್ ಸ್ಮಿತ್ ಆ್ಯಂಡರ್ಸನ್ ಮುಖ್ಯರು. ಅವು ಎಷ್ಟು ಚೆಂದ ಇವೆಯೆಂದರೆ, ಅದು ಕುಂಚದ ಬಣ್ಣ ಎನ್ನುವುದೇ ಮರೆತುಹೋಗುತ್ತದೆ. ಮರೆಯಬಾರದು. ಸ್ಲೈಡಿನಲ್ಲಿ ಫ್ಲಾಕ್ಸ್ ಹೂ ಗುಲಾಬಿ ಬಣ್ಣದ್ದಾಗಿ ಕಂಡರೆ, ತೋಟದಲ್ಲೂ ಹಾಗೇ ಇತ್ತು ಎನ್ನಲು ಗಿಡಗಳ ಪಟ್ಟಿಯೋ ಮಾಲೀಕರ ಪತ್ರವೋ ಬೇಕು.

ಅರವತ್ತು ದಾಟಿದ ಮೇಲೆ ದಕ್ಷಿಣಕ್ಕೆ ಹೊರಟವರು

ಜಾನ್‌ಸ್ಟನ್ ಹುಟ್ಟಿದ್ದು 1864ರಲ್ಲಿ, ವೆಸ್ಟ್ ವರ್ಜೀನಿಯಾದ ಗ್ರಾಫ್ಟನ್‌ನಲ್ಲಿ. ಪ್ಯಾರಿಸ್ಸಿನಲ್ಲಿ ಚಿತ್ರಕಲೆ ಕಲಿತರು. ಕೊಡಕ್ ಕಂಪನಿಯ ಜಾರ್ಜ್ ಈಸ್ಟ್‌ಮನ್, ಜಾನ್‌ಸ್ಟನ್ ಮನೆಯವರಿಗೆ ಪರಿಚಿತ. ಮೊದಲ ಕ್ಯಾಮೆರಾ ಬಂದದ್ದೂ ಅವನಿಂದಲೇ. ಸ್ಮಿತ್ಸೋನಿಯನ್ ಸಂಸ್ಥೆಯ ಫೋಟೋಗ್ರಾಫರ್ ಥಾಮಸ್ ಸ್ಮಿಲಿಯ ಹತ್ತಿರ ಕೆಲಸ ಕಲಿತು, 1890ರ ದಶಕದಲ್ಲಿ ವಾಷಿಂಗ್ಟನ್ನಿನಲ್ಲಿ ಸ್ವಂತ ಸ್ಟುಡಿಯೋ ನಡೆಸಿದರು. ಅಧ್ಯಕ್ಷರು, ಅವರ ಹೆಂಡತಿ ಮಕ್ಕಳು, ದೊಡ್ಡವರೆಲ್ಲ ಅವರ ಲೆನ್ಸಿನ ಮುಂದೆ ಕೂತರು. 1899–1900ರಲ್ಲಿ ವರ್ಜೀನಿಯಾದ ಹ್ಯಾಂಪ್ಟನ್ ಇನ್‌ಸ್ಟಿಟ್ಯೂಟ್ ಎಂಬ ಶಾಲೆಯಲ್ಲಿ ಕಪ್ಪು ಮತ್ತು ಮೂಲನಿವಾಸಿ ವಿದ್ಯಾರ್ಥಿಗಳ ಚಿತ್ರಗಳನ್ನು ತೆಗೆದರು. ಆ ಚಿತ್ರಗಳು 1900ರ ಪ್ಯಾರಿಸ್ ಪ್ರದರ್ಶನಕ್ಕೆ ಹೋದವು.

ತೋಟಗಳ ಕಡೆ ಅವರು ಪೂರ್ತಿ ತಿರುಗಿದ್ದು 1910ರ ದಶಕದಲ್ಲಿ. 1913ರಿಂದ 1917ರವರೆಗೆ ನ್ಯೂಯಾರ್ಕಿನಲ್ಲಿ ಮ್ಯಾಟಿ ಎಡ್ವರ್ಡ್ಸ್ ಹ್ಯೂವಿಟ್ ಜೊತೆ ಸೇರಿ ಶ್ರೀಮಂತರ ಮನೆ, ತೋಟಗಳ ಚಿತ್ರ ತೆಗೆದರು. ಆಮೇಲೆ ಒಂಟಿಯಾಗಿ ಊರೂರು ಸುತ್ತಿ, ಸ್ಲೈಡ್ ತೋರಿಸಿ ಉಪನ್ಯಾಸ ಕೊಟ್ಟರು. ಅವರ ಸಾವಿರಕ್ಕೂ ಹೆಚ್ಚು ಸ್ಲೈಡುಗಳು ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ.

ಚಾಟಮ್ ಕೆಲಸ ಅವರ ದಾರಿಯನ್ನು ಬದಲಿಸಿತು. ತಮ್ಮ ತೋಟದ ಚಿತ್ರಗಳನ್ನು ನೋಡಿ ಮೆಚ್ಚಿದ ಹೆಲೆನ್ ಡೆವೋರ್, ಫ್ರೆಡರಿಕ್ಸ್‌ಬರ್ಗ್ ಮತ್ತು ಪಕ್ಕದ ಫಾಲ್ಮತ್‌ನ ಹಳೇ ಕಟ್ಟಡಗಳನ್ನೆಲ್ಲ ತೆಗೆಯಲು ದುಡ್ಡು ಕೊಟ್ಟರು. ಆ ಚಿತ್ರಗಳ ಪ್ರದರ್ಶನ 1929ರಲ್ಲಿ ನಡೆಯಿತು. ಆಮೇಲೆ ಕಾರ್ನೆಗಿ ಕಾರ್ಪೊರೇಷನ್ ಎಂಬ ದತ್ತಿ ಸಂಸ್ಥೆ, ದಕ್ಷಿಣದ ಹಳೇ ಕಟ್ಟಡಗಳ ಇಂಥದ್ದೇ ಫೋಟೋ ಸಮೀಕ್ಷೆಗೆ 1933ರಿಂದ ಅನುದಾನ ಕೊಡತೊಡಗಿತು. ಜಾನ್‌ಸ್ಟನ್‌ಗೆ ಆಗ 69. ದೊಡ್ಡ ಮರದ ಕ್ಯಾಮೆರಾ, ಟ್ರೈಪಾಡ್, ಪೆಟ್ಟಿಗೆಗಟ್ಟಲೆ ಪ್ಲೇಟು, ಫಿಲ್ಮು ತುಂಬಿಕೊಂಡು, ಕಾರಿನಲ್ಲಿ ಒಂಬತ್ತು ದಕ್ಷಿಣ ರಾಜ್ಯಗಳನ್ನು ಸುತ್ತಿದರು. ಹಿಂದಿನ ಗಾಜಿನಲ್ಲಿ ಚಿತ್ರ ತಲೆಕೆಳಗಾಗಿ ಕಾಣುತ್ತದೆ. ತಲೆಗೆ ಕಪ್ಪು ಬಟ್ಟೆ ಹೊದ್ದು, ಆ ತಲೆಕೆಳಗಾದ ಚಿತ್ರದಲ್ಲೇ ಗೋಡೆ ನೆಟ್ಟಗಿದೆಯೇ, ದಾರಿ ಎಲ್ಲಿ ಮುಗಿಯುತ್ತದೆ ಎಂದು ಲೆಕ್ಕ ಹಾಕಬೇಕು. ಎಪ್ಪತ್ತರ ಹತ್ತಿರದವರು ಬೇಸಿಗೆಯಲ್ಲಿ ಈ ಕೆಲಸ ಮಾಡಿದ್ದನ್ನು ನೆನೆದರೆ ನನಗೆ ಅವರ ಮೇಲೆ ಗೌರವ ಹೆಚ್ಚುತ್ತದೆ.

1940ರ ಹೊತ್ತಿಗೆ ಸುಮಾರು 7,100 ಚಿತ್ರಗಳು ಸೇರಿದ್ದವು. ಅವರು ಬರೀ ಬಂಗಲೆಗಳ ಹಿಂದೆ ಬೀಳಲಿಲ್ಲ. ಸಣ್ಣ ರೈತರ ಮನೆ, ಗಿರಣಿ, ಮಾಂಸಕ್ಕೆ ಹೊಗೆ ಹಾಕಿಡುವ ಹೊಗೆಮನೆ, ಬೇರೆಯಾಗಿ ಕಟ್ಟಿದ ಅಡುಗೆಮನೆ, ಗುಲಾಮರು ವಾಸಿಸಿದ ಗುಡಿಸಲು ಎಲ್ಲವೂ ಆ ಸಂಗ್ರಹದಲ್ಲಿವೆ. ಕೆಲವು ಕಟ್ಟಡಗಳು ಆಗಲೇ ಬೀಳುವ ಸ್ಥಿತಿಯಲ್ಲಿದ್ದವು. ಚಿತ್ರ ತೆಗೆದ ಸ್ವಲ್ಪ ದಿನಕ್ಕೆ ಹೋದವೂ ಇವೆ. 1945ರಲ್ಲಿ ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆ ಅವರನ್ನು ಗೌರವ ಸದಸ್ಯೆಯಾಗಿ ಮಾಡಿಕೊಂಡಿತು. ಕೊನೆಗಾಲದಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ನೆಲೆಸಿ, 1952ರಲ್ಲಿ ಅಲ್ಲೇ ತೀರಿಕೊಂಡರು.

ಆದರೆ ಅವರ ತೋಟದ ಚಿತ್ರಗಳಲ್ಲಿ ಒಂದು ವಿಷಯ ಗಮನಿಸಿ. ಜನ ತೀರಾ ಕಮ್ಮಿ. ಕಾಲುದಾರಿ ಖಾಲಿ, ಬೆಂಚು ಖಾಲಿ. ಬೆಳಗಿನ ಓರೆ ಬಿಸಿಲು ಮಾತ್ರ. ಕಳೆ ಕಿತ್ತವರು, ಪೊದೆ ಕತ್ತರಿಸಿದವರು ಚೌಕಟ್ಟಿನ ಹೊರಗೆ. ಇದು ಆ ಕಾಲದ ತೋಟದ ಫೋಟೋಗಳೆಲ್ಲದರ ರೂಢಿ, ಅವರೊಬ್ಬರದ್ದಲ್ಲ. ತೋಟ ತಾನಾಗಿಯೇ ಇದೆ ಎಂದು ಕಾಣಬೇಕಿತ್ತು.

ಚಿತ್ರಗಳು ಯಾರಿಗಾಗಿ?

ಈ ಚಿತ್ರಗಳನ್ನು ನೋಡುತ್ತಿದ್ದವರು ಗಾರ್ಡನ್ ಕ್ಲಬ್ಬುಗಳ ಮಹಿಳೆಯರು. ಅಮೆರಿಕದ ಮೊದಲ ಗಾರ್ಡನ್ ಕ್ಲಬ್ ಹುಟ್ಟಿದ್ದು ಜಾರ್ಜಿಯಾದ ಅಥೆನ್ಸ್ ಊರಿನಲ್ಲಿ, 1891ರಲ್ಲಿ. 1913ರಲ್ಲಿ ಗಾರ್ಡನ್ ಕ್ಲಬ್ ಆಫ್ ಅಮೆರಿಕ, 1920ರಲ್ಲಿ ವರ್ಜೀನಿಯಾದ್ದು. ಹೆಚ್ಚಿನ ಸದಸ್ಯರು ಅನುಕೂಲಸ್ಥ ಬಿಳಿಯ ಮನೆತನಗಳವರು. ಇವರು ಬರೀ ಚಹಾ ಕುಡಿದು ಹೂ ಮೆಚ್ಚಿ ಹೋದವರಲ್ಲ. ಗಟ್ಟಿ ಕೆಲಸ ಮಾಡಿದರು. ಹಳೇ ತೋಟಗಳ ಸ್ಲೈಡುಗಳನ್ನು ಸಂಗ್ರಹಿಸಿ ಕ್ಲಬ್ಬಿನಿಂದ ಕ್ಲಬ್ಬಿಗೆ ಕಳಿಸಿದರು. ಗಾರ್ಡನ್ ಕ್ಲಬ್ ಆಫ್ ಅಮೆರಿಕ 1987ರಲ್ಲಿ ಸ್ಮಿತ್ಸೋನಿಯನ್‌ಗೆ ಕೊಟ್ಟ ಸಂಗ್ರಹದಲ್ಲಿ ಗಾಜಿನ ಸ್ಲೈಡುಗಳೇ ಸುಮಾರು 3,000.

ವರ್ಜೀನಿಯಾದ ಕ್ಲಬ್ಬು 1929ರಲ್ಲಿ ಹಿಸ್ಟಾರಿಕ್ ಗಾರ್ಡನ್ ವೀಕ್ ಶುರುಮಾಡಿತು. ವಸಂತದ ಒಂದು ವಾರ ಖಾಸಗಿ ಮನೆಗಳ ತೋಟಗಳಿಗೆ ಟಿಕೆಟ್ ಇಟ್ಟು ಜನರನ್ನು ಬಿಡುವುದು, ಬಂದ ದುಡ್ಡಿನಲ್ಲಿ ಹಳೇ ತೋಟಗಳನ್ನು ಸರಿಪಡಿಸುವುದು. ಮೊದಲ ಹಣ ಹೋದದ್ದು ಫ್ರೆಡರಿಕ್ಸ್‌ಬರ್ಗ್‌ನ ಕೆನ್‌ಮೋರ್‌ಗೆ, ಜಾರ್ಜ್ ವಾಷಿಂಗ್ಟನ್ನನ ತಂಗಿಯ ಮನೆಗೆ. ಇವತ್ತಿಗೂ ಆ ವಾರ ನಡೆಯುತ್ತದೆ.

ತೊಡಕು ಇಲ್ಲೇ ಇರುವುದು. ಹದಿನೆಂಟನೇ ಶತಮಾನದ ತೋಟಕ್ಕೆ ಫೋಟೋ ಇರಲು ಸಾಧ್ಯವೇ ಇಲ್ಲ. ಫೋಟೋಗ್ರಫಿ ಜಗತ್ತಿಗೆ ಗೊತ್ತಾದದ್ದೇ 1839ರಲ್ಲಿ. ವರ್ಜೀನಿಯಾದ ವಿಲಿಯಮ್ಸ್‌ಬರ್ಗ್ ಪಟ್ಟಣವನ್ನು ಕೋಟ್ಯಧಿಪತಿ ರಾಕ್‌ಫೆಲ್ಲರ್ ದುಡ್ಡಿನಲ್ಲಿ ಹಳೇ ರೂಪಕ್ಕೆ ತರಲು ಹೊರಟಾಗ, ತೋಟಗಳ ಹೊಣೆ ಹೊತ್ತ ಆರ್ಥರ್ ಶರ್ಕ್ಲಿಫ್ ಎದುರಿಸಿದ ಪ್ರಶ್ನೆಯೂ ಇದೇ. ಅವನ ಕೈಯಲ್ಲಿದ್ದದ್ದು 1782ರ ಒಂದು ನಕ್ಷೆ, ಆಕ್ಸ್‌ಫರ್ಡಿನಲ್ಲಿ ಸಿಕ್ಕ ಒಂದು ತಾಮ್ರದ ಕೆತ್ತನೆ ಫಲಕ, ಅಗೆದಾಗ ಸಿಕ್ಕ ಅಡಿಪಾಯಗಳು. ಉಳಿದಿದ್ದಕ್ಕೆ ದಕ್ಷಿಣದಲ್ಲಿ ಆಗ ಉಳಿದಿದ್ದ ಹಳೇ ತೋಟಗಳನ್ನು ಅಳೆದು, ಚಿತ್ರ ತೆಗೆದು, ಅವುಗಳಿಂದ ಊಹಿಸಿದ. ಆ ಉಳಿದ ತೋಟಗಳೇ ಎಷ್ಟೋ ಸಲ ಮರುನೆಟ್ಟವು. ಹೀಗೆ ಹೊಸ ತೋಟ ಹಳೆಯದಾಗಿ ಕಂಡು, ಅದರ ಫೋಟೋ ಇನ್ನೊಂದು ಹೊಸ ತೋಟಕ್ಕೆ ಆಧಾರವಾಯಿತು. ಬಾಕ್ಸ್‌ವುಡ್ ಅಂಚಿನ ಅಚ್ಚುಕಟ್ಟು ತೋಟವೇ ದಕ್ಷಿಣದ ಪರಂಪರೆ ಎಂಬ ನಂಬಿಕೆ ಗಟ್ಟಿಯಾದದ್ದು ಹೀಗೆ. ಇದು ಮೋಸವಲ್ಲ. ಅವರು ಪ್ರಾಮಾಣಿಕವಾಗಿಯೇ ಹುಡುಕಿದರು. ಆದರೆ ಹುಡುಕಿದ್ದು ತಮಗೆ ಬೇಕಾದ ಗತಕಾಲವನ್ನು.

ಯುದ್ಧದ ಸೋಲು, ಬಡತನ ದಾಟಿ ಬಂದ ಮನೆತನಗಳಿಗೆ ಸೊಗಸಾದ ಗತಕಾಲ ಬೇಕಿತ್ತು. ಗುಲಾಮಗಿರಿ ಅದರಲ್ಲಿ ಹೊಂದುತ್ತಿರಲಿಲ್ಲ. ಚಾರ್ಲ್ಸ್‌ಟನ್ ಬಳಿಯ ಮಿಡಲ್ಟನ್ ಪ್ಲೇಸ್ ನೋಡಿ. 1741ರಲ್ಲಿ ಶುರುವಾದ ತೋಟ. ಹುಲ್ಲಿನ ಮೆಟ್ಟಿಲುಗಳು, ಕೆಳಗೆ ಚಿಟ್ಟೆಯ ರೆಕ್ಕೆಯ ಆಕಾರದ ಎರಡು ಕೆರೆ. ಮಣ್ಣು ಹೊತ್ತು ಆ ಇಳಿಜಾರನ್ನು ಕಡೆದವರು ಗುಲಾಮರು. 1865ರಲ್ಲಿ ಮನೆ ಸುಟ್ಟಿತು, 1886ರ ಭೂಕಂಪದಲ್ಲಿ ಉಳಿದ ಗೋಡೆಗಳೂ ಬಿದ್ದವು, ಕೆರೆಯ ನೀರು ಬರಿದಾಯಿತು. ಇಪ್ಪತ್ತನೇ ಶತಮಾನದಲ್ಲಿ ವಾರಸುದಾರರು ಮತ್ತೆ ಎಬ್ಬಿಸಿದರು. 1930ರ ದಶಕದ ಫೋಟೋಗಳು ಈ ಎದ್ದು ನಿಂತ ತೋಟದವು. ಅವುಗಳಲ್ಲಿ ಇಳಿಜಾರಿನ ಸೊಬಗು ಇದೆ, ಅದನ್ನು ಕಡೆದ ಕೈಗಳ ಸುಳಿವಿಲ್ಲ.

ಲೂಯಿಸಿಯಾನದ ಓಕ್ ಆ್ಯಲಿ ಎಂಬ ಎಸ್ಟೇಟಿನ ಕತೆ ನನ್ನನ್ನು ಜಾಸ್ತಿ ಕಾಡುತ್ತದೆ. ಮಿಸಿಸಿಪ್ಪಿ ನದಿಯಿಂದ ಮನೆಯವರೆಗೆ ಎರಡು ಸಾಲು, ಒಟ್ಟು 28 ಓಕ್ ಮರಗಳು. ದಕ್ಷಿಣದಲ್ಲಿ ಇದಕ್ಕಿಂತ ಹೆಚ್ಚು ಸಲ ಕ್ಯಾಮೆರಾಗೆ ಸಿಕ್ಕ ಮರಗಳು ಇರಲಿಕ್ಕಿಲ್ಲ. ಅದೇ ಎಸ್ಟೇಟಿನಲ್ಲಿ ಆಂತ್ವಾನ್ ಎಂಬ ಗುಲಾಮ ತೋಟಗಾರನಿದ್ದ. 1846–47ರ ಚಳಿಗಾಲದಲ್ಲಿ ಅವನು ಪೀಕನ್ ಎಂಬ, ಅಕ್ರೋಟಿನಂಥ ಕಾಯಿ ಬಿಡುವ ಮರಗಳಿಗೆ ಕಸಿ ಕಟ್ಟಿ ಗೆದ್ದ. ತೆಳು ಸಿಪ್ಪೆಯ, ಕೈಯಲ್ಲೇ ಒಡೆಯಬಹುದಾದ ಕಾಯಿ. ಪೀಕನ್‌ನಲ್ಲಿ ಕಸಿಯಿಂದ ಬಂದ ಮೊದಲ ಹೆಸರುವಾಸಿ ತಳಿ ಅದು. 1876ರಲ್ಲಿ ಫಿಲಡೆಲ್ಫಿಯದ ಶತಮಾನೋತ್ಸವ ಪ್ರದರ್ಶನದಲ್ಲಿ ಬಹುಮಾನ ಪಡೆದು ‘ಸೆಂಟೆನಿಯಲ್’ ಎಂದು ಹೆಸರಾಯಿತು. ಯಜಮಾನ ಸತ್ತ ಮೇಲೆ ಮಾಡಿದ ಆಸ್ತಿಪಟ್ಟಿಯಲ್ಲಿ ಆಂತ್ವಾನ್‌ನ ಹೆಸರಿದೆ: ವಯಸ್ಸು 38, ತೋಟಗಾರ, ಪೀಕನ್ ಕಸಿಯಲ್ಲಿ ನಿಪುಣ, ಬೆಲೆ 1,000 ಡಾಲರ್. ದಕ್ಷಿಣದ ತೋಟಗಾರಿಕೆಗೆ ಇಷ್ಟು ದೊಡ್ಡ ಕೊಡುಗೆ ಕೊಟ್ಟವನು ಸಿಗುವುದು ಆ ಪಟ್ಟಿಯ ಒಂದು ಸಾಲಿನಲ್ಲಿ. ಮರಗಳ ಸಾಲು ಮಾತ್ರ ಸಾವಿರ ಚಿತ್ರಗಳಲ್ಲಿ.

ಗುಡಿಸಿದ ಅಂಗಳ

ದಕ್ಷಿಣದಲ್ಲಿ ಇನ್ನೊಂದು ತೋಟದ ಪರಂಪರೆ ಇತ್ತು. ಎಣಿಕೆಯಲ್ಲಿ ಬಂಗಲೆಯ ತೋಟಗಳಿಗಿಂತ ಎಷ್ಟೋ ಹೆಚ್ಚು. ಗುಲಾಮಗಿರಿಯ ಕಾಲದಿಂದ ಬಂದು, ಬಿಡುಗಡೆಯ ನಂತರವೂ ಕಪ್ಪು ಜನರ ಮನೆಗಳಲ್ಲಿ, ಬಡ ಬಿಳಿಯರ ಮನೆಗಳಲ್ಲೂ ಉಳಿದದ್ದು. ಮನೆಯ ಸುತ್ತ ಒಂದು ಹುಲ್ಲುಕಡ್ಡಿಯೂ ಇಲ್ಲದ ಗಟ್ಟಿ ಮಣ್ಣಿನ ನೆಲ. ಡಾಗ್‌ವುಡ್ ಗಿಡದ ಸಣ್ಣ ಕೊಂಬೆಗಳನ್ನು ಕಟ್ಟಿ ಮಾಡಿದ ಪೊರಕೆಯಿಂದ ಅದನ್ನು ಗುಡಿಸಿ ಇಡುತ್ತಿದ್ದರು. ಇಂಥ ಅಂಗಳದ ಬೇರು ಪಶ್ಚಿಮ ಆಫ್ರಿಕಾದಲ್ಲಿದೆ ಎಂದು ವಿದ್ವಾಂಸರು ಹೇಳುತ್ತಾರೆ.

ಕನ್ನಡದ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ ಅಲ್ವಾ? ಬೆಳಿಗ್ಗೆ ಎದ್ದು ಅಂಗಳ ಗುಡಿಸಿದ ಮನೆಯಲ್ಲಿ ಬೆಳೆದವರಿಗೆ ಪೊರಕೆಯ ಗೀರುಗಳ ಅರ್ಥ ತಿಳಿಯುತ್ತದೆ. ಕಾರಣಗಳೂ ಹತ್ತಿರ ಹತ್ತಿರ. ಹುಲ್ಲಿಲ್ಲದ ಕಡೆ ಹಾವು ಬಂದರೆ ಕಾಣುತ್ತದೆ. ಸೊಳ್ಳೆ, ಹುಳ ಕಮ್ಮಿ. ಬೆಂಕಿ ಹರಡುವುದಿಲ್ಲ. ಸೆಖೆಯ ನಾಡಿನಲ್ಲಿ ಮನೆಯ ಅರ್ಧ ಕೆಲಸ ಹೊರಗೇ. ದೊಡ್ಡ ಕಬ್ಬಿಣದ ಹಂಡೆಯಲ್ಲಿ ಬಟ್ಟೆ ಕುದಿಸುವುದು, ಕಾಳು ಬಿಡಿಸುವುದು, ಮಕ್ಕಳ ಆಟ, ಸಂಜೆಯ ಮಾತು ಎಲ್ಲಕ್ಕೂ ಅಂಗಳ ಬೇಕು. ನೆರಳಿಗೆ ಒಂದು ಚೈನಾಬೆರಿ ಮರ. ನಮ್ಮಲ್ಲಿ ಹುಚ್ಚುಬೇವು ಎನ್ನುತ್ತಾರಲ್ಲ, ಅದೇ ಮರ ಏಷ್ಯಾದಿಂದ ಅಲ್ಲಿಗೆ ಹೋಗಿ ಊರಿನದೇ ಆಗಿಬಿಟ್ಟಿದೆ. ಅಂಚಿನಲ್ಲಿ ಝಿನ್ನಿಯ, ಕ್ಯಾನ. ಡಬ್ಬ, ಬಕೆಟ್, ಹಳೇ ಟೈರುಗಳಲ್ಲಿ ಗಿಡ. ಹೆಚ್ಚಿನವು ನರ್ಸರಿಯಿಂದ ಬಂದವಲ್ಲ. ನೆರೆಯವರಿಂದ ಕಡ್ಡಿ, ಗಡ್ಡೆ, ಬೀಜ ತಂದು ನೆಟ್ಟವು. ಕೆಲವು ಮನೆಗಳ ಮುಂದೆ ಮರದ ಕೊಂಬೆಗಳಿಗೆ ಖಾಲಿ ಬಾಟಲಿ ಸಿಕ್ಕಿಸುತ್ತಿದ್ದರು. ಕೆಟ್ಟ ಶಕ್ತಿಗಳು ಬಾಟಲಿಯೊಳಗೆ ಸಿಕ್ಕಿಬೀಳುತ್ತವೆ ಎಂಬ ನಂಬಿಕೆ.

ಇವುಗಳ ಫೋಟೋ ತೆಗೆಯಲು ಯಾವ ಗಾರ್ಡನ್ ಕ್ಲಬ್ಬೂ ಹೋಗಲಿಲ್ಲ. ಆದರೂ ಚಿತ್ರಗಳಿವೆ, ಬೇರೆ ದಾರಿಯಿಂದ ಬಂದವು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಹಳ್ಳಿಗಳ ಕಷ್ಟವನ್ನು ದೇಶಕ್ಕೆ ತೋರಿಸಲು ಸರ್ಕಾರದ ಫಾರ್ಮ್ ಸೆಕ್ಯುರಿಟಿ ಅಡ್ಮಿನಿಸ್ಟ್ರೇಷನ್ ಫೋಟೋಗ್ರಾಫರ್‌ಗಳನ್ನು ಕಳಿಸಿತು. 1939ರ ಜುಲೈನಲ್ಲಿ ಡೊರೊಥಿಯಾ ಲ್ಯಾಂಗ್ ನಾರ್ತ್ ಕೆರೊಲಿನಾದ ತಂಬಾಕು ಗೇಣಿದಾರರ ಮನೆಗಳಿಗೆ ಹೋದರು. ಅವರು ಚಿತ್ರದ ಜೊತೆ ಉದ್ದ ಟಿಪ್ಪಣಿಗಳನ್ನೂ ಬರೆಯುತ್ತಿದ್ದರು. 1937ರಲ್ಲಿ ಆರ್ಥರ್ ರಾತ್‌ಸ್ಟೀನ್ ಅಲಬಾಮದ ಜೀಸ್ ಬೆಂಡ್ ಎಂಬ ಊರಿಗೆ ಹೋದರು. ಇವರು ಹೋದದ್ದು ಬಡತನ ತೋರಿಸಲು. ಆದರೆ ಅದೇ ಚೌಕಟ್ಟಿನಲ್ಲಿ ಮನೆಯ ಮುಂದಿನ ನೆಲ, ಮರ, ಬೇಲಿ, ಬಾವಿ, ಮೆಟ್ಟಿಲಿನ ಮೇಲಿನ ಹೂಡಬ್ಬ ಎಲ್ಲವೂ ಬಂದುಬಿಟ್ಟವು. ಬರಿನೆಲವನ್ನು ನೋಡಿ ‘ಪಾಪ, ಹುಲ್ಲೂ ಇಲ್ಲ’ ಎಂದುಕೊಂಡವರಿದ್ದಾರು. ಅದು ದಿನವೂ ಮಾಡಿದ ಕೆಲಸದ ಗುರುತು ಎಂದು ತಿಳಿದವರಿಗೆ ಅದೇ ಚಿತ್ರ ಬೇರೆಯಾಗಿ ಕಾಣುತ್ತದೆ. ಇಲ್ಲಿ ಜನ ಚೌಕಟ್ಟಿನ ಒಳಗಿದ್ದಾರೆ ಎನ್ನುವುದನ್ನೂ ನೋಡಿ. ಜಾನ್‌ಸ್ಟನ್ ಅವರ ಖಾಲಿ ಬೆಂಚಿಗೂ ಇದಕ್ಕೂ ಎಷ್ಟು ಅಂತರ!

ಜಾರ್ಜಿಯಾ ವಿಶ್ವವಿದ್ಯಾಲಯದ ರಿಚರ್ಡ್ ವೆಸ್ಟ್‌ಮ್ಯಾಕಟ್ ಇಂಥ ಅಂಗಳಗಳನ್ನು ಅಳೆದು, ನಕ್ಷೆ ಬರೆದು, ಮನೆಯವರನ್ನು ಮಾತಾಡಿಸಿ 1992ರಲ್ಲಿ ಅಧ್ಯಯನ ಪ್ರಕಟಿಸಿದರು. ವಾನ್ ಸಿಲ್ಸ್ ಎಂಬ ಫೋಟೋಗ್ರಾಫರ್ 1987ರಿಂದ ವರ್ಷಗಟ್ಟಲೆ ದಕ್ಷಿಣದ ಕಪ್ಪು ಜನರ ತೋಟಗಳ ಚಿತ್ರ ತೆಗೆದರು. ಅಷ್ಟರಲ್ಲಿ ಹುಲ್ಲುಹಾಸು, ಹುಲ್ಲು ಕತ್ತರಿಸುವ ಯಂತ್ರ ಬಂದು ಗುಡಿಸಿದ ಅಂಗಳಗಳು ಬಹುತೇಕ ಮರೆಯಾಗಿದ್ದವು.

ನೋಡುವಾಗ ಏನು ಕೇಳಬೇಕು?

ಮೊದಲು ಮರ, ಪೊದೆಗಳ ಗಾತ್ರ ನೋಡಿ. ಬಾಕ್ಸ್‌ವುಡ್ ತೀರಾ ನಿಧಾನವಾಗಿ ಬೆಳೆಯುವ ಗಿಡ. ಮೊಣಕಾಲೆತ್ತರದ ಸಮನಾದ ಪೊದೆಗಳಿದ್ದರೆ ತೋಟ ಇತ್ತೀಚಿನದಿರಬಹುದು, ಅಥವಾ ಬಿಡದೆ ಕತ್ತರಿಸಿದ್ದಿರಬಹುದು. ಆಳೆತ್ತರ ಉಬ್ಬಿ ದಾರಿಯನ್ನೇ ಮುಚ್ಚಿದ್ದರೆ ಅದು ನಿಜವಾದ ಮುದಿ ತೋಟ. ಆಮೇಲೆ ನೆರಳು. ಉದ್ದ ನೆರಳಿದ್ದರೆ ಬೆಳಗ್ಗೆಯೋ ಸಂಜೆಯೋ. ಓರೆ ಬೆಳಕು ನೆಲದ ಏರುತಗ್ಗನ್ನು ಎತ್ತಿ ತೋರಿಸುತ್ತದೆ. ಹಳೇ ಮಡಿಯ ಅಂಚು, ಮುಚ್ಚಿಹೋದ ದಾರಿ ಅಂಥ ಬೆಳಕಿನಲ್ಲಿ ಕಾಣುತ್ತವೆ. 1939ರ ಸುಮಾರಿಗೆ, ಅಮೆರಿಕದ ಮೂರನೇ ಅಧ್ಯಕ್ಷ ಥಾಮಸ್ ಜೆಫರ್ಸನ್‌ನ ಮನೆ ಮಾಂಟಿಚೆಲ್ಲೊದಲ್ಲಿ ವರ್ಜೀನಿಯಾದ ಗಾರ್ಡನ್ ಕ್ಲಬ್ಬಿನವರು ಹೂದೋಟವನ್ನು ಮತ್ತೆ ಮಾಡಲು ಹೊರಟಾಗ, ಅವನ ಕಾಲದ ಸುತ್ತುದಾರಿ ಎಲ್ಲಿತ್ತೆಂದು ತಿಳಿಯಲು ರಾತ್ರಿ ಹುಲ್ಲಿನ ಮೇಲೆ ಕಾರುಗಳ ಹೆಡ್‌ಲೈಟ್ ಓರೆಯಾಗಿ ಬಿಟ್ಟು ನೋಡಿದರು. ನೆಲದ ತಗ್ಗು ನೆರಳಾಗಿ ಎದ್ದು ಬಂತು. ಬೆಳಗಿನ ಓರೆ ಬಿಸಿಲಿಗೆ ಕಾಯುವ ಫೋಟೋಗ್ರಾಫರ್ ಮಾಡುವುದೂ ಇದನ್ನೇ.

ಫೋಟೋದ ಹಿಂದಿನ ಬರಹವನ್ನು ನಂಬುವ ಮೊದಲು ಅದನ್ನು ಯಾರು, ಯಾವಾಗ ಬರೆದರು ಎಂದು ವಿಚಾರಿಸಿ. ಎಷ್ಟೋ ಸ್ಲೈಡುಗಳಿಗೆ ತೋಟದ ಹೆಸರೇ ಇರುವುದಿಲ್ಲ. ವರ್ಷ ಇರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ದುಡ್ಡು ಯಾರದು ಎಂದು ಕೇಳಿ. ಮಾಲೀಕರು ತೆಗೆಸಿದ ಚಿತ್ರದಲ್ಲಿ ಹೂ ಅರಳಿದ ವಾರ ಮಾತ್ರ ಇರುತ್ತದೆ. ಸರ್ಕಾರ ತೆಗೆಸಿದ ಚಿತ್ರದಲ್ಲಿ ಹರಿದ ಬಟ್ಟೆ ಮುಂದೆ, ಹೂಡಬ್ಬ ಹಿಂದೆ.

ಮಿಸಿಸಿಪ್ಪಿಯ ಜಾಕ್ಸನ್ ಊರಿನಲ್ಲಿ ಈ ಎರಡು ಲೋಕಗಳೂ ಒಬ್ಬರ ಬದುಕಿನಲ್ಲಿ ಸೇರಿದವು. ಕತೆಗಾರ್ತಿ ಯೂಡೋರಾ ವೆಲ್ಟಿ 1930ರ ದಶಕದಲ್ಲಿ ಸರ್ಕಾರಿ ಕೆಲಸದ ಮೇಲೆ ರಾಜ್ಯ ಸುತ್ತುತ್ತಾ, ತಾವಾಗಿಯೇ ಚಿತ್ರ ತೆಗೆದರು. ಬಾಟಲಿ ಮರಗಳಿರುವ ಮನೆಯ ಚಿತ್ರವೂ ಅವುಗಳಲ್ಲಿದೆ. ಅವರ ಸ್ವಂತ ಮನೆಯಲ್ಲಿ ತಾಯಿ ಚೆಸ್ಟೀನಾ 1925ರಿಂದ ಒಂದು ತೋಟ ಬೆಳೆಸಿದ್ದರು. ಕಮೀಲಿಯ, ಗುಲಾಬಿ, ಋತುವಿಗೊಂದು ಹೂ. ಮಗಳಿಗೆ ವಯಸ್ಸಾದಂತೆ ತೋಟ ಪಾಳುಬಿತ್ತು. 1990ರ ದಶಕದಲ್ಲಿ ಸೂಸನ್ ಹಾಲ್ಟಮ್ ಅದನ್ನು ಮತ್ತೆ ಎತ್ತಿ ನಿಲ್ಲಿಸಲು ಶುರುಮಾಡಿದಾಗ ಹಳೇ ಫೋಟೋ, ತಾಯಿ ಬರೆದಿಟ್ಟ ತೋಟದ ಟಿಪ್ಪಣಿ, ಮಗಳ ನೆನಪು ಮೂರೂ ಕೈಯಲ್ಲಿದ್ದವು. ಗಿಡದ ಹೆಸರಿಗೆ ಟಿಪ್ಪಣಿ, ಜಾಗಕ್ಕೆ ಫೋಟೋ, ಸಂಶಯಕ್ಕೆ ವೆಲ್ಟಿ. 2004ರಲ್ಲಿ ತೋಟ ಜನರಿಗೆ ತೆರೆಯಿತು. ಇಂಥ ಅದೃಷ್ಟ ಎಲ್ಲ ತೋಟಕ್ಕೂ ಇರುವುದಿಲ್ಲ.

ಅಟ್ಲಾಂಟ, ರಾಲೀ, ಷಾರ್ಲಟ್ ಕಡೆ ಇರುವ ಕನ್ನಡಿಗರಿಗೆ ಚಾರ್ಲ್ಸ್‌ಟನ್ ಒಂದು ದಿನದ ಕಾರಿನ ದಾರಿಯೊಳಗಿದೆ. ಮ್ಯಾಗ್ನೋಲಿಯ, ಮಿಡಲ್ಟನ್ ಪ್ಲೇಸ್ ಎರಡೂ ತೆರೆದಿವೆ, ಗುಲಾಮರ ಬದುಕಿನ ಬಗ್ಗೆಯೂ ಈಗ ಅಲ್ಲಿ ಹೇಳುತ್ತಾರೆ. ಚಾಟಮ್ ನ್ಯಾಷನಲ್ ಪಾರ್ಕ್ ಸರ್ವಿಸ್ ಕೈಯಲ್ಲಿದೆ. ಊರಲ್ಲಿ ಕೂತವರಿಗೂ ಅಡ್ಡಿಯಿಲ್ಲ. ಜಾನ್‌ಸ್ಟನ್ ಅವರ ಸ್ಲೈಡುಗಳು, ಕಾರ್ನೆಗಿ ಸಮೀಕ್ಷೆ, ಲ್ಯಾಂಗ್ ಮತ್ತು ರಾತ್‌ಸ್ಟೀನ್ ಚಿತ್ರಗಳು ಲೈಬ್ರರಿ ಆಫ್ ಕಾಂಗ್ರೆಸ್‌ನ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ದೊಡ್ಡ ನೆಗೆಟಿವ್‌ಗಳಿಂದ ಮಾಡಿದ ಪ್ರತಿಗಳಾದ್ದರಿಂದ ಹಿಗ್ಗಿಸಿ ನೋಡಬಹುದು. ಹಿಗ್ಗಿಸಿ, ಅಂಚುಗಳ ಕಡೆ ಹೋಗಿ. ಬೇಲಿಯ ಆಚೆಗಿನ ಅಡುಗೆಮನೆ, ಒರಗಿಸಿಟ್ಟ ಕುಂಟೆ, ಕಿಟಕಿಯ ಹಿಂದೆ ನಿಂತವರು ಸಿಗುವುದು ಅಲ್ಲೇ.